ಹಗ್ಗ ಯಾರ ಕೈಯಲ್ಲಿದೆ

ಕಳೆದ ತಿಂಗಳು ಕಾಕನಕೋಟೆ ಕಡೆಯ ಒಂದು ಗಿರಿಜನರ ಹಾಡಿಯಲ್ಲಿ ಅವನನ್ನು ಮಣ್ಣು ಮಾಡಿದೆವು. ಕುಣಿಗೆ ಇಳಿಸುವಾಗ ಕಾಲಿನ ಕಡೆಯ ಹಗ್ಗಕ್ಕೆ ಮೂರು ಜನ ಕೈ ಹಾಕಿದ್ದರು. ತಲೆಯ ಕಡೆಯ ಹಗ್ಗವನ್ನು ಒಬ್ಬನೇ ಹಿಡಿದಿದ್ದ. ಅವನು ಸತ್ತವನ ಹೆಂಡತಿಯ ತಮ್ಮ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಬಿಟ್ಟರೆ ಬೇರೆ ಬೆರಳಿಲ್ಲ. ಪಕ್ಕದಲ್ಲಿದ್ದ ಹುಡುಗರು, "ಕೊಡು ಮಾವ, ನಾವಿಡೀತೀವಿ" ಎಂದು ಮುಂದೆ ಬಂದರು. ಅವನು ತಲೆಯನ್ನೂ ಎತ್ತಲಿಲ್ಲ. "ಈ ಅಗ್ಗ ನಂದು ಕಣ್ರಲಾ, ಅತ್ತಾಗಿ ನಿಂತ್ಕಳಿ" ಅಂದ.

ಆ ಮಾತು ಎಲ್ಲಿಂದ ಬಂತು ಅನ್ನುವುದು ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅದನ್ನು ಹೇಳೋಣವೆಂದೇ ಕೂತಿದ್ದೇನೆ.

ಸತ್ತವನ ಹೆಸರು ಬರೆಯುವುದಿಲ್ಲ. ತನ್ನ ಹೆಸರು ಕಾಗದದ ಮೇಲೆ ಬಂದಾಗಲೆಲ್ಲ ಅದು ನೋಟೀಸೇ ಆಗಿರುತ್ತದೆ ಎಂದು ಅವನೇ ಅನ್ನುತ್ತಿದ್ದ. ಎಚ್.ಡಿ. ಕೋಟೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದ ಕಾಲೇಜಿಗೆ ಅವನು ಅಟೆಂಡರ್. ಜೇನು ಕುರುಬರವನು. ಬೆಲ್ಲು ಹೊಡೆಯುವುದು, ಬೀರು ತೆಗೆಯುವುದು, ಪರೀಕ್ಷೆಯ ದಿನ ನೀರು ಕೊಡುವುದು ಅವನ ಕೆಲಸ. ಎಡಗೆನ್ನೆಯ ಮೇಲೆ ಕಿವಿಯಿಂದ ದವಡೆಯವರೆಗೆ ನಾಲ್ಕು ಗೀರು ಇಳಿದಿದ್ದವು, ನೇಗಿಲು ಸಾಲು ಹೊಡೆದ ಹಾಗೆ. ಅದರಿಂದಾಗಿ ನಕ್ಕರೆ ಬಲಗಡೆ ಮಾತ್ರ ನಗು ಬರುತ್ತಿತ್ತು. ಹೊಸದಾಗಿ ಬಂದ ಉಪನ್ಯಾಸಕರು ಕೆನ್ನೆಗೆ ಏನಾಯಿತೆಂದು ಕೇಳಿದರೆ, "ಕರಡಿ ಸೈನ್ ಮಾಡ್ಯದೆ ಸಾ. ಸೀಲ್ ಆಕೋದ್ ಮರ್ತ್ಬುಡ್ತು" ಅನ್ನುತ್ತಿದ್ದ.

ಆ ವರ್ಷ ಪದವಿ ತರಗತಿಗೆ ಒಂದು ಕಾದಂಬರಿ ಪಠ್ಯವಾಗಿತ್ತು. ಸರ್ವೆ ಇಲಾಖೆಯ ಗುಮಾಸ್ತನೊಬ್ಬ ಕಾಡಿನಲ್ಲಿ ದಾರಿ ತಪ್ಪಿ, ಒಂದು ಕತ್ತಿ, ಒಂದು ಹಗ್ಗ, ಒಂದು ಬೆಂಕಿಪೊಟ್ಟಣ ಇಟ್ಟುಕೊಂಡು ಹತ್ತೊಂಬತ್ತು ದಿನ ಜೀವ ಉಳಿಸಿಕೊಳ್ಳುವ ಕಥೆ. ಕೊನೆಗೆ ಕತ್ತಿಯನ್ನು ಹೊಳೆಗೆ ಎಸೆದು ಊರು ಸೇರುತ್ತಾನೆ. ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆ, 'ಸಾಧನಗಳ ಮತ್ತು ನಿಸರ್ಗದ ಸಾಂಕೇತಿಕತೆ'. ನಾನು ಬೋರ್ಡಿನ ಮೇಲೆ ಬರೆದು ಬರೆಸುತ್ತಿದ್ದೆ. ಕತ್ತಿ ಎಂದರೆ ಮನುಷ್ಯನ ಅಹಂಕಾರ, ಹಗ್ಗ ಎಂದರೆ ಸಂಸಾರದ ಬಂಧನ, ಬೆಂಕಿ ಎಂದರೆ ಅರಿವು, ಹೊಳೆ ಎಂದರೆ ಕಾಲ, ಕಾಡು ಎಂದರೆ ತಾಯಿ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಅವನು ಬೆಲ್ಲಿನ ಸುತ್ತಿಗೆ ಹಿಡಿದು ಹೊರಗೆ ಕಂಬಕ್ಕೆ ಒರಗಿ ಕೇಳುತ್ತಿದ್ದ.

ಒಂದು ದಿನ ಪಾಠ ಮುಗಿಸಿ ಬಂದಾಗ ಅಡ್ಡ ನಿಂತ.

"ಸಾ, ಒಂದ್ ಮಾತು. ಕಾಡು ತಾಯಿ ಅಂದ್ರಲ್ಲ."

"ಹೌದಪ್ಪ."

"ಕರಡಿಗೂ ತಾಯಿನೇಯಾ?"

"ಕರಡಿಗೂ ತಾಯಿನೇ."

"ಅಂಗಿದ್ರೆ ಸರಿ ಬುಡಿ. ಅಣ್ತಮ್ಮಂದ್ರು ಕಿತ್ತಾಡ್ಕಂಡಂಗಾಯ್ತು" ಎಂದು ಕೆನ್ನೆ ಸವರಿಕೊಂಡು ಹೋದ.

ಆಮೇಲೆ ಲೈಬ್ರರಿಯಿಂದ ಆ ಪುಸ್ತಕ ಒಯ್ದ. ಏಳನೆಯ ತರಗತಿಯವರೆಗೆ ಓದಿದ್ದವನು. ಅಕ್ಷರ ಕೂಡಿಸಿಕೊಂಡು ಓದಲು ಒಂದೂವರೆ ತಿಂಗಳು ಹಿಡಿಯಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಓಡಾಡುತ್ತಿದ್ದ, ತಕರಾರು ಬಂದ ಪುಟಕ್ಕೆ ಒಂದೊಂದು ಒಣಗಿದ ಎಲೆ ಇಡುತ್ತಿದ್ದ. ವಾಪಸು ತಂದಾಗ ಪುಸ್ತಕ ಉಬ್ಬಿಕೊಂಡಿತ್ತು.

"ಬಿದಿರು ಮೆಳೆ ಬುಡದಲ್ಲಿ ಎಲ್ಡ್ ದಿನ ಮಲಗವ್ನೆ ಸಾ. ಆನೆ ಬರೋ ಜಾಗ ಅದು. ಬರ್ದೋರು ಆನೇನೇ ಮರ್ತವ್ರೆ."

"ಅದು ಕಥೆ ಕಣಯ್ಯ."

"ಆನೆಗೆ ಕಥೆ ಅಂತ ಗೊತ್ತಾಯ್ತದಾ? ಆಮೇಲೆ ಇಲ್ಲಿ ನೋಡಿ. ಅಂದಿ ಒಟ್ಟೆ ಬಗದ್ಬುಟ್ಟು, ಮಚ್ಚನ್ನ ಒಳೇಲಿ ತೊಳ್ಕಂಡು, ಸುದ್ಧ ಆದೆ ಅಂತಾನೆ." ಕಾದಂಬರಿಯ ಕತ್ತಿಯನ್ನು ಅವನು ಒಂದು ಸಲವೂ ಕತ್ತಿ ಅನ್ನಲಿಲ್ಲ, ಮಚ್ಚು ಎಂದೇ ಕರೆದ. "ಅಲಗು ತೊಳೀಬೌದು ಸಾ. ಇಡಿಗೂ ಅಲಗಿಗೂ ನಡುವೆ ಸಂದಿ ಅದಲ್ಲ, ಅಲ್ಲಿ ಕೂತಿರ್ತದೆ ರಕ್ತ. ಬಿಸಿಲಿಗೆ ಇಟ್ರೆ ಇರುವೆ ಬಂದು ತೋರುಸ್ತವೆ."

ಕೊನೆಯ ಎಲೆ, ಕತ್ತಿ ಎಸೆಯುವ ಪುಟದಲ್ಲಿತ್ತು. ಅದರ ಮೇಲೆ ನಾನು ಮೂರು ಪುಟ ನೋಟ್ಸ್ ಕೊಟ್ಟಿದ್ದೆ. ಅವನು ಕೇಳಿದ್ದು ಒಂದೇ ಮಾತು. "ಬಿಸಾಕ್ಬುಟ್ಟು ಊರಿಗೋದ್ನಂತೆ. ಓಗೋ ದಾರೀಲಿ ಕಡ್ಯಾಕೆ ಲಂಟಾನದ ಪೊದೆ ಇರ್ನಿಲ್ವಾ?"

ಹಗ್ಗದ ಪುಟದಲ್ಲಿ ಮಾತ್ರ ಅವನು ತಮಾಷೆ ಮಾಡಲಿಲ್ಲ. ಗುಮಾಸ್ತ ಹಗ್ಗವನ್ನು ಮರಕ್ಕೆ ಕಟ್ಟಿ ಕಮರಿಗೆ ಇಳಿಯುತ್ತಾನೆ. ಅದರ ಮೇಲೆ ಬೆರಳಿಟ್ಟು, "ಪಾಪ, ಬಾಮೈದ ಇಲ್ಲ ಇವ್ನಿಗೆ" ಅಂದ. ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ. ಅವರ ಮನೆಗಳಲ್ಲಿ ಹೆಜ್ಜೇನಿಗೆ ಮರ ಹತ್ತುವವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ. ಬೇರೆ ಯಾರ ಕೈಗೂ ಕೊಡುವುದಿಲ್ಲ.

"ನಿನ್ನ ಸ್ವಂತ ತಮ್ಮನೇ ಹಿಡಿಯಬಾರದಾ?"

"ತಮ್ಮಂಗೆ ನಾನ್ ಸತ್ರೆ ಒಂದ್ ಪಾಲು ಉಳೀತದೆ ಸಾ. ಬಾಮೈದ ಕೈ ಬುಟ್ರೆ ಅವ್ನ ಅಕ್ಕನೇ ಮುಂಡೆ ಆಗೋದು. ಅದ್ಕೇ ಬುಡಾಕಿಲ್ಲ. ಅಗ್ಗ ಗಟ್ಟಿನಾ ಅಂತ ನಾವ್ ನೋಡಾಕಿಲ್ಲ. ಯಾರ ಕೈಲದೆ ಅಂತ ನೋಡ್ತೀವಿ."

"ನಿನ್ನ ಹಗ್ಗ ಯಾರು ಹಿಡಿಯುತ್ತಾರೆ?" ಎಂದೆ, ಮಾತಿಗೆ.

ಅವನು ಎದ್ದು ಹೋಗಿ ಬೆಲ್ಲು ಹೊಡೆದ. ಪೀರಿಯಡ್ ಮುಗಿಯಲು ಇನ್ನೂ ಎಂಟು ನಿಮಿಷ ಇತ್ತು.

ಉತ್ತರ ಸಿಕ್ಕಿದ್ದು ಎರಡು ತಿಂಗಳಾದ ಮೇಲೆ, ಕಾಲೇಜಿನ ಅಂಗಳದಲ್ಲಿ ರಕ್ತ ಬಿದ್ದ ದಿನ. ಬೈಕಿಗೆ ಬೈಕು ಉಜ್ಜಿದ ಜಗಳ. ಎರಡು ಗುಂಪು ಸ್ಟಂಪು ಹಿಡಿದು ಬಡಿದಾಡುತ್ತಿದ್ದವು. ಒಬ್ಬ ಸ್ಕೂಟರಿನ ಸೀಟಿನಡಿಯಿಂದ ಮಚ್ಚು ತೆಗೆದು ಇನ್ನೊಬ್ಬನ ಹಣೆಗೆ ಬೀಸಿದ. ಅಲಗು ಸವರಿಕೊಂಡು ಹೋಯಿತು, ಹುಬ್ಬಿನ ಮೇಲಿನ ಚರ್ಮ ಜೋತುಬಿತ್ತು. ನಾವು ಮೇಷ್ಟ್ರುಗಳೆಲ್ಲ ಜಗುಲಿಯ ಮೇಲೆ ನಿಂತು ಕೂಗುತ್ತಿದ್ದೆವು, ಕೆಳಗೆ ಇಳಿದವರು ಯಾರೂ ಇಲ್ಲ. ಅವನು ಇಳಿದ. ಓಡಲಿಲ್ಲ, ಗದರಲಿಲ್ಲ. ನೇರ ಹೋಗಿ ಮಚ್ಚು ಹಿಡಿದವನ ಮಣಿಕಟ್ಟು ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದ. ಮೂಳೆ ಲಟ್ಟೆಂದದ್ದು ಜಗುಲಿಗೆ ಕೇಳಿಸಿತು. ಮಚ್ಚು ಕೆಳಗೆ ಬಿತ್ತು.

ಪ್ರಿನ್ಸಿಪಾಲರು ಅದನ್ನು ಕೊಡೆಂದು ಕೈ ಚಾಚಿದರು. ಅವನು ಕೈಗೆ ಕೊಡದೆ ಅವರ ಕಾಲ ಮುಂದೆ ನೆಲಕ್ಕಿಟ್ಟ.

"ಎತ್ಕಳಿ ಸಾ. ಅಲಗನ್ನ ಕೈಯಿಂದ ಕೈಗೆ ಕೊಡಾಕಿಲ್ಲ ನಾವು. ನೆಲ ಮುಟ್ಟಿ ಓಗ್ಬೇಕು."

ಪೊಲೀಸರು, ಆಂಬುಲೆನ್ಸು ಎಲ್ಲ ಬಂದು ಹೋದ ಮೇಲೆ ನಲ್ಲಿಯ ಹತ್ತಿರ ಕೂತು ಅಂಗಿಯ ರಕ್ತ ತೊಳೆಯುತ್ತಿದ್ದ. ನಾನು ಪಕ್ಕದಲ್ಲಿ ಕೂತೆ. ಕೇಳದೆಯೇ ಹೇಳಿದ.

ಅದಕ್ಕೂ ಏಳು ವರ್ಷ ಹಿಂದಿನ ಮಾತು. ಅವನು ಹೆಂಡತಿಗೆ ಹೊಡೆದಿದ್ದ. ಸಾರಿಗೆ ಉಪ್ಪು ಹೆಚ್ಚಾಯಿತೆಂಬಂಥ ಏನೋ ಒಂದು ಕಾರಣ. ಒಲೆಯ ಸೌದೆ ಎಳೆದು ಭುಜಕ್ಕೆ ಬಾರಿಸಿದ್ದ. ಅವಳ ಕೈ ವಾರಗಟ್ಟಲೆ ಮೇಲೆ ಏಳಲಿಲ್ಲ. ಸುದ್ದಿ ತಿಳಿದು ಬಂದ ಬಾಮೈದ ಜಗಳ ತೆಗೆಯಲಿಲ್ಲ. ಇಬ್ಬರೂ ಸೀಗೆಕಾಯಿಗೆ ಕಾಡಿಗೆ ಹೊರಟರು. ದಾರಿಯಲ್ಲಿ ಅವನು ಒಂದೇ ಮಾತು ಅಂದ. "ಭಾವ, ಇನ್ನೊಂದ್ ದಪ ಅಕ್ಕನ್ ಮೇಲೆ ಕೈ ಮಾಡಿದ್ರೆ ಆ ಕೈ ಕಡ್ದಾಕ್ತೀನಿ."

ಅದಾಗಿ ಒಂದು ಗಂಟೆಯೊಳಗೆ ಮರಿ ಕಟ್ಟಿಕೊಂಡಿದ್ದ ಕರಡಿ ಎದುರಾಯಿತು. ಮೊದಲ ಏಟಿಗೆ ಇವನ ಕೆನ್ನೆ ಸೀಳಿತು. ಬಿದ್ದವನನ್ನು ಬಿಟ್ಟು ಬಾಮೈದನ ಮೇಲೆ ಕೂತು ಭುಜಕ್ಕೆ ಬಾಯಿ ಹಾಕಿತು. ಅವನು ಬಲಗೈಯಲ್ಲಿ ಅದರ ಕತ್ತಿನ ಕೂದಲು ಹಿಡಿದು ಹಿಂದಕ್ಕೆ ತಳ್ಳುತ್ತಿದ್ದ. ಇವನು ಎದ್ದು ಮಚ್ಚು ಬೀಸಿದ. ಎರಡು ಏಟು ಕರಡಿಯ ಬೆನ್ನಿಗೆ ಇಳಿದವು. ಮೂರನೆಯದಕ್ಕೆ ಅದು ಕಿರುಚಿಕೊಂಡು ಎದ್ದು ಓಡಿತು. ತರಗೆಲೆಯ ಮೇಲೆ ಮೂರು ಬೆರಳು ಬಿದ್ದಿದ್ದವು.

"ಮೂರ್ನೇ ಏಟು ಯಾರಿಗಾಕ್ದೆ ಅಂತ ಎಲ್ರೂ ಕೇಳುದ್ರು ಸಾ. ಕಣ್ಣಿಗೆ ರಕ್ತ ಇಳ್ದಿತ್ತು, ಕಾಣ್ನಿಲ್ಲ ಅಂದೆ. ದಿಟವಾಗ್ಲೂ ಕಾಣ್ನಿಲ್ಲ. ಆದ್ರೆ ಅವನಾಡಿದ್ ಮಾತು ಕಿವೀಲೇ ಇತ್ತು. ಕಿವೀಲಿರದು ಕೈಗೆ ಕೇಳುಸ್ತದಾ? ನೀವ್ ಓದ್ದೋರು, ಏಳಿ."

ಮಚ್ಚು ಎಂದರೆ ಅಹಂಕಾರ ಎಂದು ಬರೆಸಿದ್ದವನು ನಾನು. ಅಂಗಿಯ ಇನ್ನೊಂದು ತುದಿ ಹಿಡಿದು ಹಿಂಡಿದೆ, ನೀರು ಕೆಂಪಗೆ ಚರಂಡಿಗೆ ಹೋಯಿತು.

"ನಂಗೇ ಗೊತ್ತಿಲ್ಲ ಸಾ" ಅಂದ. "ಅವಂಗೆ ಎಂಗ್ ಏಳ್ಲಿ?"

ಕರಡಿ ಎದುರಾದ ದಿನದಿಂದ ಅವನು ಹೆಂಡತಿಯ ಮೇಲೆ ಕೈ ಎತ್ತಿರಲಿಲ್ಲ. ಮರವನ್ನೂ ಹತ್ತಿರಲಿಲ್ಲ. ಬಾಮೈದ ಎನ್. ಬೇಗೂರಿನ ಕಡೆ ಹೋಗಿ ಕೂಲಿ ಮಾಡಿಕೊಂಡಿದ್ದ. ಏಳು ವರ್ಷ ಇಬ್ಬರಿಗೂ ಮಾತಿಲ್ಲ.

ಮುಂದಿನ ಬೇಸಿಗೆಗೆ ಅವನ ಮಗಳ ಮದುವೆ ಗೊತ್ತಾಯಿತು. ಸೋದರಮಾವ ಇಲ್ಲದೆ ಹೆಣ್ಣನ್ನು ಹಸೆಗೆ ಕೂರಿಸುವುದು ಹೇಗೆ? ಹೆಂಡತಿ ತಾನೇ ಬಸ್ಸು ಹತ್ತಿ ತಮ್ಮನ ಹತ್ತಿರ ಹೋದಳು. ವಾಪಸು ಬಂದು ಅವನ ಮಾತನ್ನು ಹಾಗೇ ಒಪ್ಪಿಸಿದಳು. "ಮದ್ವೆಗೆ ಬತ್ತೀನಿ. ಅದ್ಕೂ ಮುಂಚೆ ಭಾವ ಮರ ಅತ್ಲಿ. ಅಗ್ಗ ನಾನಿಡೀತೀನಿ."

ಇದನ್ನು ಅವನು ನನಗೆ ಹೇಳಿದ್ದು ಸ್ಟಾಫ್ ರೂಮಿನಲ್ಲಿ, ಕುರ್ಚಿ ಒರೆಸುತ್ತ.

"ಬೇಡ ಕಣಯ್ಯ. ಬಿಟ್ಟುಬಿಟ್ಟರೆ?"

"ಬುಟ್ರೆ ತಿಳೀತದೆ."

"ಏನು ತಿಳಿಯುತ್ತೆ?"

"ಮೂರ್ನೇ ಏಟಿಗೆ ಅವ್ನು ಏನಂದ್ಕಂಡವ್ನೆ ಅಂತ."

"ಸತ್ತ ಮೇಲೆ ತಿಳಿದು ಏನು ಮಾಡುತ್ತೀಯ?"

"ನಂಗಲ್ಲ ಸಾ, ಅವ್ಳಿಗೆ. ಏಳು ವರ್ಸದಿಂದ ಇಬ್ರ ಮಕಾನೂ ನೋಡ್ತಾವ್ಳೆ." ಬಟ್ಟೆ ಕೊಡವಿದ. "'ನಂಗೆ ಇಬ್ರೂ ಬೇಕು, ಒಬ್ನೇ ಸಿಕ್ಕೋದಾದ್ರೆ ಇಬ್ರೂ ಬ್ಯಾಡ' ಅಂತಾಳೆ. ನೀವೂ ಬನ್ನಿ. ಕಂಬಳಿ ತನ್ನಿ, ಜೇನಿಗೆ ಮೇಷ್ಟ್ರು ಅಂತ ಗೊತ್ತಾಗಾಕಿಲ್ಲ."

ಹೋದೆ. ಹಾಡಿಯ ಹಿಂದೆ ಕೆರೆಯ ಏರಿ, ಏರಿಯಾಚೆ ಒಂದು ಹಳೆಯ ಬೂರುಗದ ಮರ. ಬಿಸಿಲು ಇಳಿಮುಖವಾಗಿತ್ತು. ಮೇಲಿನ ಕೊಂಬೆಯಡಿ ಎರಡು ಮೊರ ಸೇರಿಸಿದಷ್ಟು ದೊಡ್ಡ ಜೇನುಹುಟ್ಟು, ಕಪ್ಪಗೆ ಉಸಿರಾಡುತ್ತಿರುವ ಹಾಗೆ ತೂಗುತ್ತಿತ್ತು. ಬಾಮೈದ ಮಧ್ಯಾಹ್ನದ ಬಸ್ಸಿಗೆ ಬಂದು ಮರದ ಬುಡದಲ್ಲಿ ಕೂತಿದ್ದ. ಹಾಡಿಯ ನಾಲ್ಕಾರು ಜನ ಕಂಬಳಿ ಹೊದ್ದು ಏರಿಯ ಮೇಲೆ ನಿಂತಿದ್ದರು, ನಾನೂ ಅವರ ಜೊತೆ ನಿಂತೆ. ಮರದಿಂದ ನಾಲ್ಕು ಮಾರು ದೂರದಲ್ಲಿ ಬಾಮೈದನ ಅಕ್ಕ ಹಸಿಸೊಪ್ಪಿನ ಕಂತೆಗೆ ಬೆಂಕಿ ಮಾಡುತ್ತಿದ್ದಳು.

ಹುಟ್ಟು ಕೊಯ್ಯಲು ಕಬ್ಬಿಣ ಒಯ್ಯುವುದಿಲ್ಲ, ಬಿದಿರಿನ ಸೀಳು ಸಾಕು. ಅವನು ಸೊಂಟದ ಮಚ್ಚನ್ನು ಬಿಚ್ಚಿದ. ಅದೇ ಮಚ್ಚು. ತಂದು ಬಾಮೈದನ ಪಾದದ ಮುಂದೆ ನೆಲಕ್ಕಿಟ್ಟ. ಮೇಲೆ ಹೋಗುವವನ ಜೀವ ಯಾವ ಹಗ್ಗದಲ್ಲಿದೆಯೋ ಆ ಹಗ್ಗದ ಪಕ್ಕದಲ್ಲೇ ಅದನ್ನು ಕಡಿಯುವ ಅಲಗು.

ಬಾಮೈದ ಅದನ್ನು ಎರಡು ಬೆರಳಲ್ಲಿ ಎತ್ತಿ, ಹಿಡಿಗೂ ಅಲಗಿಗೂ ನಡುವಿನ ಸಂದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಆಮೇಲೆ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಭಾವನ ಸೊಂಟದಿಂದ ಕೊಂಬೆಯ ಮೇಲೆ ಹಾದು ಇಳಿದ ಹಗ್ಗವನ್ನು ನಡುವಿಗೆ ಒಂದು ಸುತ್ತು ತಂದು ಹಿಡಿದ. "ಅತ್ತು" ಅಂದ.

ಬಿದಿರಿನ ಗೂಟ ಹೊಡೆಯುತ್ತ, ಮೆಟ್ಟುತ್ತ ಅವನು ಹತ್ತಿದ. ಹೊಗೆ ತಾಗಿಸಿದ. ಅಷ್ಟರಲ್ಲಿ ಗಾಳಿ ತಿರುಗಿತು. ಹೊಗೆ ಕೆರೆಯ ಕಡೆ ವಾಲಿತು, ಹುಟ್ಟಿನಿಂದ ಜೇನು ಸುರಿದುಕೊಂಡು ಕೆಳಗೆ ಬಂದವು. ಜಲ್ಲಿ ಲಾರಿ ಸುರಿದಂಥ ಸದ್ದು. ಬಾಮೈದನ ಮುಖ ಕಾಣಿಸದಾಯಿತು. ರೆಪ್ಪೆಯ ಮೇಲೆ, ತುಟಿಯ ಮೇಲೆ, ಮೂಗಿನ ಹೊಳ್ಳೆಯಲ್ಲಿ ಜೇನು. ಜೇನು ಕಡಿದರೆ ಮನುಷ್ಯನ ಕೈ ತಾನಾಗಿಯೇ ಮುಖಕ್ಕೆ ಹೋಗುತ್ತದೆ. ಅವನ ಕೈ ಹಗ್ಗದ ಮೇಲೇ ಇತ್ತು. ಅವಳು ಉರಿಯುವ ಸೊಪ್ಪು ಎತ್ತಿಕೊಂಡು ಓಡಿ ಹೋಗಿ ತಮ್ಮನ ಮುಖಕ್ಕೆ ಹಿಡಿದಳು. ಅವನ ಹುಬ್ಬು ಸುಟ್ಟ ವಾಸನೆ ಬಂತು. ಹಗ್ಗ ಬಿಡಬೇಡ ಅಂತ ಅವಳು ಹೇಳಲಿಲ್ಲ, ಬಿಡು ಅಂತಲೂ ಹೇಳಲಿಲ್ಲ.

ಮೇಲೆ ಗೂಟ ಮುರಿಯಿತು.

ಎರಡಾಳೆತ್ತರ ಅವನು ಕೆಳಕ್ಕೆ ಬಂದ. ಹಗ್ಗ ಬಾಮೈದನ ಅಂಗೈ ಸುಲಿದುಕೊಂಡು ಓಡಿತು. ಅವನನ್ನು ಮಂಡಿಯ ಮೇಲೆ ಬುಡದವರೆಗೆ ಎಳೆದೊಯ್ದಿತು. ಬೇರಿಗೆ ಕಾಲು ಕೊಟ್ಟು ನಿಂತ. ಹಗ್ಗ ಬಿಗಿಯಿತು. ಮೇಲಿದ್ದವನು ಕಾಂಡಕ್ಕೆ ಬಡಿದು, ಪಕ್ಕೆಲುಬು ಮುರಿದು, ತಲೆ ಕೆಳಗಾಗಿ ತೂಗಾಡಿದ. ಹಗ್ಗದ ಮೇಲಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆಗ ಬಾಮೈದ ತಲೆಯೆತ್ತಿ, ಊದಿಕೊಂಡ ಒಂದು ಕಣ್ಣಿನ ಸಂದಿಯಿಂದ ಮೇಲೆ ನೋಡಿದ. ಮಚ್ಚು ಬೇಕಿರಲಿಲ್ಲ. ಆ ಎರಡು ಬೆರಳು ಸಡಿಲಿಸಿದ್ದರೆ ಸಾಕಿತ್ತು, ಕೈ ಸೋತಿತು ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು.

ಮೊಳ ಮೊಳವಾಗಿ ಇಳಿಸಿದ.

ಇಳಿದವನು ಮರ ಹಿಡಿದು ಎದ್ದು ನಿಂತ. ಬಾಮೈದ ಹಗ್ಗದ ತುದಿಯನ್ನು ಬೇರಿಗೆ ಸುತ್ತಿ, ನಿಧಾನವಾಗಿ ಬಂದು, ಚರ್ಮ ಸುಲಿದ ಆ ಮುರುಕು ಕೈಯನ್ನೇ ಎತ್ತಿ ಕರಡಿಯ ಗೀರಿನ ಮೇಲೆ ಬಾರಿಸಿದ. ಒಂದು ಹಲ್ಲು ಎಲೆಯ ಮೇಲೆ ಬಿತ್ತು. ಎಡಗೈಯಲ್ಲಿ ಇನ್ನೊಂದು. ಇವನು ಮಂಡಿಯೂರಿ ಕುಸಿದ. ಯಾರೂ ಅಡ್ಡ ಹೋಗಲಿಲ್ಲ. ಅವಳೂ ಹೋಗಲಿಲ್ಲ.

"ಇದು ಅಕ್ಕನ್ ಮೇಲೆ ಕೈ ಮಾಡಿದ್ಕೆ" ಅಂದ ಬಾಮೈದ.

ಇವನು ರಕ್ತ ಉಗುಳಿ ಕೇಳಿದ. "ಬೆರಳಿಗೆ?"

ಬಾಮೈದ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ.

"ಬೆರಳು ಕರಡಿ ತಿಂದ್ಬುಡ್ತು. ಬುಡು ಅತ್ಲಾಗೆ."

ಆ ಬೆರಳುಗಳನ್ನು ಎಲೆಯಲ್ಲಿ ಸುತ್ತಿ ತಂದು ಹೂತಿದ್ದವರು ಅಲ್ಲೇ ನಿಂತಿದ್ದರು. ಯಾರೂ ಬಾಯಿ ಬಿಡಲಿಲ್ಲ. ಅವಳು ಮಾತ್ರ ಗಂಡನ ಜೊತೆ ಕಿತ್ತುಕೊಂಡು ಬಿದ್ದಿದ್ದ ಹುಟ್ಟಿನ ತುಂಡನ್ನು ಎತ್ತಿ ಎರಡು ಪಾಲು ಮಾಡಿ, ಇಬ್ಬರ ಬಾಯಿಗೂ ತುರುಕಿದಳು.

ಮದುವೆ ಆಯಿತು. ಅಪ್ಪ, ಸೋದರಮಾವ ಇಬ್ಬರ ಮುಖವೂ ಕುಂಬಳಕಾಯಿ ಆಗಿದ್ದರಿಂದ ಗಂಡಿನ ಕಡೆಯವರಿಗೆ ಯಾರು ಯಾರೆಂದು ಗುರುತು ಸಿಗದೆ ತಾಂಬೂಲ ಅದಲುಬದಲಾಯಿತು.

ಮುಂದಿನ ವರ್ಷ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, ಹಗ್ಗ ಏನನ್ನು ಸಂಕೇತಿಸುತ್ತದೆ ಸಾರ್ ಎಂದು ಕೇಳಿದಳು. "ಯಾರ ಕೈಯಲ್ಲಿದೆ ಅಂತ ಮೊದಲು ನೋಡಮ್ಮ, ಆಮೇಲೆ ಬರೆ" ಎಂದೆ. ಹೊರಗೆ ಕಂಬದ ಹತ್ತಿರ ಕೆಮ್ಮಿದ ಸದ್ದು ಕೇಳಿಸಿತು. ಅವತ್ತೂ ಬೆಲ್ಲು ಬೇಗ ಆಯಿತು.

ನಿವೃತ್ತನಾಗಿ ಹಾಡಿಗೆ ಹೋದ ಮೇಲೆ ಅವನು ಆಗಾಗ ಕೋಟೆ ಸಂತೆಯಲ್ಲಿ ಸಿಗುತ್ತಿದ್ದ, ಜೊತೆಯಲ್ಲಿ ಬಾಮೈದ ಇರುತ್ತಿದ್ದ. ಕಳೆದ ತಿಂಗಳು ಎದೆನೋವು ಬಂತು. ಆಸ್ಪತ್ರೆಯ ದಾರಿಯಲ್ಲೇ ಮುಗಿದುಹೋಯಿತು.

ಕುಣಿಯಲ್ಲಿ ದೇಹ ನೆಲ ಮುಟ್ಟಿತು. ಕಾಲಿನ ಕಡೆಯವರು ತಮ್ಮ ಹಗ್ಗ ಎಳೆದುಕೊಂಡರು. ತಲೆಯ ಕಡೆಯ ಹಗ್ಗ ಇನ್ನೂ ಬಿಗಿಯಾಗಿಯೇ ಇತ್ತು. ಅವಳು ಬಂದು ತಮ್ಮನ ಹೆಗಲ ಮೇಲೆ ಕೈಯಿಟ್ಟಳು.

"ಬುಡ್ಲಾ" ಅಂದಳು. "ಈಗ ಬುಡು."

ಅವನು ಬಿಟ್ಟ.

ಒಬ್ಬ ಹಿರಿಯರು, ಸತ್ತವನ ಮಚ್ಚನ್ನೂ ಒಳಗೆ ಹಾಕಿಬಿಡಿ ಎಂದರು. ಅದು ಬಾಮೈದನ ಸೊಂಟದಲ್ಲೇ ಇತ್ತು, ಮರ ಹತ್ತಿದ ದಿನದಿಂದಲೂ. ಅವನು ತೆಗೆದು, ಹೆಬ್ಬೆರಳಲ್ಲಿ ಅಲಗು ಸವರಿ ನೋಡಿದ.

"ಯಾಕೆ? ನಾಳಿಕೆ ಬೇಲಿ ಮ್ಯಾಲಿನ ಲಂಟಾನ ಕಡೀಬೇಕು" ಎಂದು ಅದನ್ನು ನೆಲಕ್ಕಿಟ್ಟು, ಮಣ್ಣು ಎಳೆಯಲು ಸಲಿಕೆ ತೆಗೆದುಕೊಂಡ. ಅವಳು ಬಗ್ಗಿ ಮಚ್ಚು ಎತ್ತಿಕೊಂಡಳು.